ಮಸಿಯಿಲ್ಲದ ಚುಕ್ಕೆ, ಎಣ್ಣೆಯ ಕಲೆ

ನನಗಾದ ಅನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ನೆದರ್‌ಲ್ಯಾಂಡ್ಸ್‌ನ ಒಂದು ಚಿಕ್ಕ ಊರಿನಲ್ಲಿ, ಕಾಲುವೆಯ ದಂಡೆಯ ಹಳೆಯ ಮನೆಯೊಂದರಲ್ಲಿ, ಪೂರ್ವದೇಶಗಳ ಪುಸ್ತಕಗಳ ಖಾಸಗಿ ಸಂಗ್ರಹವೊಂದಿದೆ. ಈ ಮಾರ್ಚ್ ತಿಂಗಳಲ್ಲಿ ಅಲ್ಲಿ ನಡೆದ ಪ್ರದರ್ಶನದಲ್ಲಿ ಒಂದು ಕೊರಿಯನ್ ಪುಸ್ತಕವನ್ನು ಗಾಜಿನ ಪೆಟ್ಟಿಗೆಯೊಳಗೆ ತೆರೆದಿಟ್ಟಿದ್ದರು. ಪಕ್ಕದ ಫಲಕದಲ್ಲಿ, ಬರಿಗಣ್ಣಿಗೆ ಕಾಣದ ಈ ಓದಿನ ಗುರುತುಗಳನ್ನು ತಮ್ಮ ಸಿಬ್ಬಂದಿ ಪತ್ತೆಹಚ್ಚಿದರೆಂದು ಡಚ್ಚಿನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಅದು ಸುಳ್ಳು. ಆ ಗುರುತುಗಳನ್ನು ಮೊದಲು ಕಂಡವಳು ನಾನು. ನನ್ನ ಹೆಸರು ಕಮಲಾಕ್ಷಿ. ಬರೆಯಲು ಕಷ್ಟವಾದ ಹೆಸರೇನೂ ಅಲ್ಲ.

ಆ ಫಲಕದಲ್ಲಿ ಇನ್ನೊಂದು ಸಾಲೂ ಇತ್ತು. ಮೊದಲನೆಯ ಸಾಲು ಮಾತ್ರ ಇದ್ದಿದ್ದರೆ ನಾನು ಸಿಟ್ಟು ಮಾಡಿಕೊಂಡು, ಸಂಗ್ರಹದ ಮುಖ್ಯಸ್ಥರಿಗೆ ಒಂದು ಕಟುವಾದ ಪತ್ರ ಬರೆದು, ಮನೆಗೆ ಹೋಗಿ ಮಲಗುತ್ತಿದ್ದೆ. ಇದನ್ನು ಬರೆಯಬೇಕಾಗಿ ಬಂದದ್ದು ಆ ಎರಡನೆಯ ಸಾಲಿನಿಂದ. ಅದನ್ನು ಓದುತ್ತ ನಿಂತಿದ್ದಾಗಲೇ ಆಚೆಯ ಕಾಫಿ ಮೂಲೆಯಲ್ಲಿ ಯಾರೋ ಬಿಸಿನೀರಿಗೆ ಮಜ್ಜಿಗೆಹುಲ್ಲಿನ ಚಹಾಪುಡಿಯ ಚೀಲ ಅದ್ದಿದರು. ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ಎರಡು ವರ್ಷದ ಹಿಂದಿನ ಚಳಿಗಾಲವೊಂದು ಇಡಿಯಾಗಿ ಎದ್ದು ನಿಂತಿತು. ನಾನು ಗಾಜಿನ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡೆ. ಕಾವಲಿನವನು ಮುಟ್ಟಬಾರದೆಂದು ಸನ್ನೆ ಮಾಡಿದ. ಆ ಕೋಣೆಯಲ್ಲಿ ಮುಟ್ಟಬಾರದ್ದನ್ನು ಮುಟ್ಟಿದ್ದವಳು ನಾನೇ ಎಂದು ಅವನಿಗೆ ಹೇಗೆ ತಿಳಿಯಬೇಕು?

ಮೈಸೂರಿನ ಹಸ್ತಪ್ರತಿ ಭಂಡಾರವೊಂದರಲ್ಲಿ ನಾನು ಮೂವತ್ತನಾಲ್ಕು ವರ್ಷ ಓಲೆಗರಿಗಳ ಕೆಲಸ ಮಾಡಿದವಳು. ಕಟ್ಟು ಬಿಚ್ಚಿ ಗರಿಗಳನ್ನು ಎಣಿಸುವುದು, ಹುಳ ತಿಂದ ಜಾಗಗಳನ್ನು ಬರೆದಿಡುವುದು, ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದು ಗರಿಯನ್ನೂ ಒರೆಸುವುದು, ಕಂಟವೆಂಬ ಉಕ್ಕಿನ ಮೊನೆಯಿಂದ ಕೊರೆದ ಅಕ್ಷರಗಳಲ್ಲಿ ಮಸಿ ಉದುರಿದ್ದರೆ ಕಾಡಿಗೆ ತೀಡಿ ಮೇಲೆಬ್ಬಿಸುವುದು, ಆಮೇಲೆ ಓದಿ ಸೂಚಿಗೆ ವಿವರ ಸಿದ್ಧಪಡಿಸುವುದು. ಸೂಚಿಯ ಆರು ಸಂಪುಟಗಳು ಅಚ್ಚಾದವು. ಆರರಲ್ಲೂ ನಿರ್ದೇಶಕರ ಹೆಸರಿದೆ. ನಾಲ್ಕನೆಯದರ ಮುನ್ನುಡಿಯ ಎರಡನೆಯ ಪುಟದಲ್ಲಿ, ಕೆಳಗಿನಿಂದ ಐದನೆಯ ಸಾಲಿನಲ್ಲಿ, ಕಚೇರಿಯ ಹೆಂಗಸರೂ ಸಹಕರಿಸಿದ್ದಾರೆ ಎಂಬ ಒಂದು ಮಾತಿದೆ. ಆ ಹೆಂಗಸರು ಎಂದರೆ ನಾನು. ಬೇರೆ ಹೆಂಗಸರು ಅಲ್ಲಿರಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿದಾಗ ನಾನು ಮನಸ್ಸಿನಲ್ಲೇ ಒಂದು ಪ್ರತಿಜ್ಞೆ ಮಾಡಿದ್ದೆ: ನನಗಿಂತ ಕಿರಿಯರ ಶ್ರಮವನ್ನು ನಾನೆಂದೂ ನುಂಗುವುದಿಲ್ಲ. ಅದನ್ನು ಇಲ್ಲಿ ಏಕೆ ಹೇಳುತ್ತಿದ್ದೇನೆಂಬುದು ಮುಂದೆ ತಿಳಿಯುತ್ತದೆ.

ಆ ಚಳಿಗಾಲದಲ್ಲಿ ನಾನು ಅದೇ ದೇಶದ ವೂರ್‌ಬರ್ಗ್‌ನಲ್ಲಿರುವ ಮಗಳು ಸುಮನಾಳ ಮನೆಗೆ ಬಂದಿದ್ದೆ. ತೊಂಬತ್ತು ದಿನದ ವೀಸಾ. ನವೆಂಬರಿನ ನಡುವಿನಿಂದ ಫೆಬ್ರವರಿಯ ನಡುವಿನವರೆಗೆ. ಬೆಳಿಗ್ಗೆ ಎಂಟೂವರೆಗೆ ಬೆಳಕಾಗುವುದು, ನಾಲ್ಕೂವರೆಗೆ ಕತ್ತಲಾಗುವುದು, ನಡುವೆ ಸಣ್ಣಗೆ ಅಡ್ಡಕ್ಕೆ ಹೊಡೆಯುವ ಮಳೆ. ಅಳಿಯ, ಮಗಳು ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ತಂದಿದ್ದ ನಮ್ಮ ಮನೆತನದ ಒಂದು ಓಲೆಕಟ್ಟನ್ನು ಬಿಚ್ಚಿ, ಎಣ್ಣೆಬಟ್ಟೆಯಲ್ಲಿ ಒರೆಸಿ, ಮತ್ತೆ ಕಟ್ಟುತ್ತಿದ್ದೆ. "ಅಮ್ಮ, ಮನೆಯೆಲ್ಲ ಸೊಳ್ಳೆ ಕ್ರೀಮ್ ವಾಸನೆ ಆಗೋಗಿದೆ" ಎಂದು ಸುಮನಾ ಗೊಣಗುತ್ತಿದ್ದಳು. "ಹೊರಗಡೆ ಹೋಗ್ಬಾರ್ದಾ? ಓವಿ ಕಾರ್ಡಲ್ಲಿ ದುಡ್ಡಿದೆ, ಟ್ರಾಮ್ ಹತ್ತು, ಸುತ್ತಾಡ್ಕೊಂಡ್ ಬಾ."

ನವೆಂಬರಿನ ಕೊನೆಯ ಭಾನುವಾರ ಆಲ್ಮೆರೆಯಲ್ಲಿ ಕನ್ನಡಿಗರು ರಾಜ್ಯೋತ್ಸವ ಆಚರಿಸಿದರು. ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗಿ ಒದ್ದೆ ಮಳೆಕೋಟನ್ನೂ ಬಿಚ್ಚದೆ ಮಾತಿಗೆ ಇಳಿದಳು.

"ಓಲೆಗರಿ ಓದಾವ್ರು ನೀವ ಅಂತಲ್ರಿ? ಸುಮನಾ ಮೇಡಂ ಹೇಳಿದ್ರು."

"ಓದ್ತಿದ್ದೆ. ಈಗ ದಿನಪತ್ರಿಕೆ ಓದ್ತೀನಿ."

"ನಾ ಶಿವಲೀಲಾರಿ, ಧಾರವಾಡದಾಕಿ. ಇಲ್ಲಿ ಕೊರಿಯಾದ ಹಳೇ ಭಾಷಾದ ಮ್ಯಾಲೆ ಪಿಎಚ್‌ಡಿ ಮಾಡಾಕ ಹತ್ತೀನಿ."

"ಧಾರವಾಡದವಳಿಗೆ ಕೊರಿಯಾ ಎಲ್ಲಿ ಸಿಕ್ಕಿತಮ್ಮ?"

"ಟೀವಿ ಸೀರಿಯಲ್‌ನ್ಯಾಗ ಸಿಕ್ತ್ರಿ. ಹೀರೋ ಭಾಳ ಛಂದ ಇದ್ದ. ಆಮ್ಯಾಲೆ ಹೀರೋನ್ನ ಬಿಟ್ಟೆ, ಅವನ ವ್ಯಾಕರಣ ಹಿಡಕೊಂಡೆ." ಹೀಗೆಂದು ತನ್ನ ಮಾತಿಗೆ ತಾನೇ ನಕ್ಕಳು.

ತಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕುಳಿತಾಗ ಅವಳು ತನ್ನ ವಿಷಯವನ್ನು ಬಿಡಿಸಿ ಹೇಳಿದಳು. ಕೊರಿಯಾದವರಿಗೆ ತಮ್ಮದೇ ಲಿಪಿ ಬರುವುದಕ್ಕೆ ಮೊದಲು ಅಲ್ಲಿನ ಭಿಕ್ಷುಗಳು ಚೀನೀ ಭಾಷೆಯ ಧರ್ಮಗ್ರಂಥಗಳನ್ನು ಓದುತ್ತಿದ್ದರಂತೆ. ಕಣ್ಣಿಗೆ ಚೀನೀ ಅಕ್ಷರ, ಬಾಯಿಗೆ ತಮ್ಮ ಮಾತು. ಹಾಗೆ ಓದಲು ಅನುಕೂಲವಾಗಲೆಂದು ಅಕ್ಷರಗಳ ಪಕ್ಕದಲ್ಲಿ, ಮೂಲೆಯಲ್ಲಿ ಸಣ್ಣ ಗುರುತುಗಳನ್ನು ಹಾಕಿಕೊಳ್ಳುತ್ತಿದ್ದರು. ಯಾವ ಮಾತು ಮೊದಲು, ಯಾವುದು ಆಮೇಲೆ, ಎಲ್ಲಿ ಯಾವ ಪ್ರತ್ಯಯ ಎಂಬುದು ಆ ಗುರುತಿನಿಂದ ತಿಳಿಯುತ್ತಿತ್ತು. ಆ ಕಾಲದ ಕೊರಿಯನ್ ಭಾಷೆ ಹೇಗಿತ್ತೆಂದು ಇಂದು ಊಹಿಸುವುದಕ್ಕೆ ಅವೇ ಆಧಾರ. ನನಗೆ ತಟ್ಟನೆ ಅರ್ಥವಾಯಿತು. ಸಂಸ್ಕೃತ ಗ್ರಂಥದ ಸಾಲುಗಳ ನಡುವೆ ಕನ್ನಡ ಟೀಕು ಬರೆದಿಟ್ಟ ನಮ್ಮವರ ಕಟ್ಟುಗಳನ್ನು ನಾನು ನೂರಾರು ಬಿಚ್ಚಿದ್ದೆ. ಓದುವವನು ಎಲ್ಲ ಊರಿನಲ್ಲೂ ಒಂದೇ ಜಾತಿಯವನು.

ಅವಳು ನೋಡುತ್ತಿದ್ದ ಪುಸ್ತಕದ ವಿಷಯಕ್ಕೆ ಬಂದಾಗ ಮುಖ ಸಪ್ಪಗಾಯಿತು. ಆ ಸಂಗ್ರಹದವರ ಸೂಚಿಯಲ್ಲಿ, ಮರದ ಅಚ್ಚಿನಲ್ಲಿ ಒತ್ತಿದ ಬಹು ಹಳೆಯ ಹಾಳೆಗಳು, ಮುಂದೆಂದೋ ಐದು ತೂತು ಮಾಡಿ ಹೊಲಿದದ್ದು, ಓದಿನ ಗುರುತುಗಳಿಲ್ಲ ಎಂದಿತ್ತಂತೆ. ಕಾಗದ, ಅಚ್ಚು ಎಲ್ಲ ಗುರುತಿರಬೇಕಾದ ಕಾಲದ್ದೇ. ಆದರೆ ಗುರುತಿಲ್ಲ. "ಏಪ್ರಿಲ್ ಒಳಗ ಈ ಪುಸ್ತಕದ ಮ್ಯಾಲೊಂದು ಅಧ್ಯಾಯ ಕೊಡಬೇಕ್ರಿ. ಕೊಡ್ಲಿಲ್ಲಂದ್ರ ನನ್ನ ಅವಧಿ ಮುಂದ ಹೋಗೂದಿಲ್ಲ, ಗಂಟುಮೂಟಿ ಕಟ್ಟೂದು" ಎಂದಳು. ಆಮೇಲೆ, "ನೀವೂ ಒಂದಿನ ಬರ್ರಿ. ಹಳೇ ಕಣ್ಣು ಬೇಕ್ರಿ ಇದಕ್ಕ" ಎಂದಳು.

ಆ ಓದುಮನೆ ಗುರುವಾರ ಮಾತ್ರ ತೆರೆಯುತ್ತಿತ್ತು. ಮೊದಲೇ ಆಫ್‌ಸ್ಪ್ರಾಕ್, ಅಂದರೆ ಭೇಟಿಯ ಸಮಯ, ಪಡೆಯಬೇಕು. ಈ ದೇಶದಲ್ಲಿ ಹಲ್ಲುನೋವಿಗೂ ಅದೇ, ನೆಂಟರ ಮನೆಗೂ ಅದೇ. ನಾನು ಓದುಗರ ಚೀಟಿ ಕೇಳಿದೆ. ಮುಖ್ಯಸ್ಥರು, ಎತ್ತರದ, ಬಹಳ ಸಭ್ಯರಾದ ಮನುಷ್ಯ, ಸಂಶೋಧಕರಿಗೆ ಮಾತ್ರ ಚೀಟಿ ಎಂದರು. ನನ್ನ ಮೂವತ್ತನಾಲ್ಕು ವರ್ಷದ ವಿಷಯ ಹೇಳಿದೆ. ಅವರು ತಲೆದೂಗಿ, ಶಿವಲೀಲಾಳ ಜವಾಬ್ದಾರಿಯ ಮೇಲೆ ಬರಬಹುದೆಂದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ "ಮತ್ತು ಒಬ್ಬ ಅತಿಥಿ" ಎಂದು ತಾವೇ ಬರೆದರು. ಪ್ರತಿ ಗುರುವಾರ ಹಾಗೆಯೇ ಬರೆದರು. ನನ್ನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ. ಅವಳೊಡನೆ ಮಾತನಾಡುವಾಗ ನನ್ನನ್ನು "ನಿಮ್ಮ ಓಮಾ" ಎನ್ನುತ್ತಿದ್ದರು. ಓಮಾ ಎಂದರೆ ಅಜ್ಜಿ.

"ಅದು ಪ್ರೀತಿಯಿಂದ ಹೇಳೋದಮ್ಮ. ಸ್ವೀಟ್ ಅಲ್ವಾ? ನೀನು ಎಲ್ಲಾನೂ ಇನ್‌ಸಲ್ಟ್ ಅಂತ ತಗೋತೀಯ" ಎಂದಳು ಸುಮನಾ.

"ಅವರ ಊರಿನ ಪಂಡಿತ ಬಂದಿದ್ದರೆ ತಾತ ಅಂತ ಕರೀತಿದ್ರಾ?" ಎಂದೆ. ಆ ಚಳಿಗಾಲದಲ್ಲಿ ಹೀಗೆ ಉತ್ತರ ಸಿಗದ ಒಂಬತ್ತು ಸಂದರ್ಭಗಳಿದ್ದವು, ಎಲ್ಲವೂ ನೆನಪಿವೆ.

ಶಿವಲೀಲಾ ಮಾತ್ರ ಎರಡನೆಯ ಗುರುವಾರದಿಂದ ನನ್ನನ್ನು "ಅಕ್ಕೋರ" ಎನ್ನತೊಡಗಿದಳು. ಅವರ ಕಡೆ ಶಾಲೆಯ ಮೇಡಮ್ಮಿಗೆ ಹಾಗೆನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನನ್ನು ಗುರುವೆಂದು ಕರೆದ ಮೊದಲ ವ್ಯಕ್ತಿ ಅವಳು.

ಡಿಸೆಂಬರಿನ ಮೂರನೆಯ ಗುರುವಾರ ಮಳೆ ನಿಂತು ಆಕಾಶ ತೊಳೆದಂತಾಯಿತು. ಓದುಮನೆಯ ಪಶ್ಚಿಮದ ಕಿಟಕಿಯ ಪರದೆ ಹಳೆಯದು, ಕೊನೆಯ ನಾಲ್ಕು ಬೆರಳಷ್ಟು ಕೆಳಗಿಳಿಯುತ್ತಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಆ ಸಂದಿನಿಂದ ಬಿಸಿಲು ಒಳಗೆ ಬಂತು. ನಮ್ಮ ಕಡೆ ಸೂರ್ಯ ಹೀಗೆ ನೆಲಕ್ಕೆ ಒರಗಿ ನಡೆಯುವುದಿಲ್ಲ. ಆ ಬೆಳಕು ಮೇಜಿನ ಮೇಲೆ ಬೀಳಲಿಲ್ಲ, ಮೇಜನ್ನು ಸವರಿಕೊಂಡು ಹೋಯಿತು. ಪುಸ್ತಕ ತೆರೆದಿತ್ತು. ನಾನು ಅಭ್ಯಾಸಬಲದಿಂದ ತಲೆಯನ್ನು ಮೇಜಿನ ಮಟ್ಟಕ್ಕೆ ಇಳಿಸಿದೆ. ಮಸಿ ಹೋದ ಓಲೆಯನ್ನು ನಾವು ಹಾಗೆಯೇ ನೋಡುವುದು: ಮೇಲಿನಿಂದಲ್ಲ, ಅಂಚಿನಿಂದ. ಕೊರೆದ ಜಾಗದಲ್ಲಿ ನೆರಳು ನಿಲ್ಲುತ್ತದೆ.

ಅಕ್ಷರಗಳ ಮೂಲೆಗಳಲ್ಲಿ ನೆರಳು ನಿಂತಿತ್ತು. ಸಾಸಿವೆಯಷ್ಟು ಚುಕ್ಕೆಗಳು. ಒಂದು ಅಕ್ಷರದ ಬಲ ಮೇಲ್ಮೂಲೆಯಲ್ಲಿ, ಮುಂದಿನದರ ಎಡಗಡೆ ನಡುವಿನಲ್ಲಿ, ಅದರಾಚೆಯದಕ್ಕೆ ಕೆಳಗೆ ಎರಡು. ಮಸಿಯಿಲ್ಲ, ಬಣ್ಣವಿಲ್ಲ. ಯಾರೋ ಚೂಪಾದ ಕಡ್ಡಿಯಿಂದ ಕಾಗದವನ್ನು ಒತ್ತಿದ್ದರು, ಅಷ್ಟೇ.

"ಶಿವಲೀಲಾ, ಕಂಟ ಆಡಿದೆ ಇದರ ಮೇಲೆ."

"ಏನಂದ್ರಿ?"

"ತಲೆ ಕೆಳಗೆ ಮಾಡು. ಇನ್ನೂ ಕೆಳಗೆ. ಗಲ್ಲ ಮೇಜಿಗೆ ತಾಗಲಿ."

ಅವಳು ಗಲ್ಲವನ್ನು ಮೇಜಿಗೆ ಹಚ್ಚಿ ಉಸಿರು ಬಿಗಿಹಿಡಿದಳು. ಹೀಗೆ ಒತ್ತಿದ ಚುಕ್ಕೆಗಳು ಕೊರಿಯಾದ ಬೇರೆ ಪುಸ್ತಕಗಳಲ್ಲಿ ಸಿಕ್ಕಿವೆಯೆಂದು ಅವಳಿಗೆ ಗೊತ್ತಿತ್ತು. ಚುಕ್ಕೆ ಅಕ್ಷರದ ಯಾವ ಮೂಲೆಯಲ್ಲಿದೆ ಎಂಬುದರ ಮೇಲೆ ಯಾವ ಪ್ರತ್ಯಯ ಸೇರಿಸಿ ಓದಬೇಕೆಂದು ತೀರ್ಮಾನವಾಗುತ್ತದೆ. ಈ ಪುಸ್ತಕದಲ್ಲಿ ಅವಿವೆಯೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತುಟಿ ಅಲುಗಿಸುತ್ತ ಆ ಸಾಲನ್ನು ಮೆಲ್ಲಗೆ ಹಳೆಯ ಕೊರಿಯನ್ನಿನಲ್ಲಿ ಓದಿದಳು. ಎಷ್ಟೋ ನೂರು ವರ್ಷ ಮುಚ್ಚಿಕೊಂಡಿದ್ದ ಒಬ್ಬ ಭಿಕ್ಷುವಿನ ಬಾಯಿ ಧಾರವಾಡದ ಹುಡುಗಿಯ ಬಾಯಲ್ಲಿ ತೆರೆಯಿತು. ಬಿಸಿಲು ಹದಿನೈದು ನಿಮಿಷವಿತ್ತು. ಆಮೇಲೆ ಕಾಗದ ಮತ್ತೆ ಬರಿಯ ಕಾಗದವಾಯಿತು.

"ಅಕ್ಕೋರ, ನಿಮ್ಮ ಕಣ್ಣಿಗೆ ದೃಷ್ಟಿ ತಗೀಬೇಕ್ರಿ" ಎಂದು ನನ್ನ ಕೈ ಹಿಡಿದುಕೊಂಡಳು.

ಮುಖ್ಯಸ್ಥರನ್ನು ಕರೆದು ತೋರಿಸಿದೆವು. ಕೈದೀಪವನ್ನು ಅಡ್ಡಲಾಗಿ ಹಿಡಿದು ಬಹಳ ಹೊತ್ತು ನೋಡಿದರು. ಮೊದಲು ಕಂಡವರು ಇವರು ಎಂದು ಶಿವಲೀಲಾ ನನ್ನನ್ನು ತೋರಿಸಿ ಮೂರು ಸಲ ಹೇಳಿದಳು. "ನಿಮ್ಮ ಓಮಾಗೆ ಧನ್ಯವಾದ ತಿಳಿಸಿ" ಎಂದರು, ನಾನು ಅವರಿಂದ ಎರಡು ಅಡಿ ದೂರದಲ್ಲಿ ನಿಂತಿದ್ದೆ.

ಜನವರಿಯೆಲ್ಲ ಮೋಡ. ಅಪ್ಪಣೆ ಪಡೆದು ತಣ್ಣನೆಯ ಬೆಳಕಿನ ದೀಪವೊಂದನ್ನು ಪುಟದ ಅಂಚಿಗಿಟ್ಟು ಕೆಲಸ ಮಾಡಿದೆವು. ಅವಳು ಪ್ರತಿ ಅಕ್ಷರಕ್ಕೂ ಒಂದೊಂದು ಚೌಕ ಬರೆದುಕೊಳ್ಳುತ್ತಿದ್ದಳು, ನಾನು ಚುಕ್ಕೆಯಿರುವ ಜಾಗ ಹೇಳುತ್ತಿದ್ದೆ. ಸಂಜೆ ಕೆಳಗಿನ ಊಟದ ಕೋಣೆಯಲ್ಲಿ ಕಾಫಿ ಕುಡಿಯುತ್ತ, "ಮೊದಲನೇ ಪುಟದಾಗ ನಿಮ್ಮ ಹೆಸರು ಬರೀತೀನ್ರಿ, ದೊಡ್ಡದಾಗಿ" ಎನ್ನುತ್ತಿದ್ದಳು. ನಾನು ಬೇಡ ಎನ್ನುತ್ತಿದ್ದೆ. ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ರೈಲಿನಲ್ಲಿ ಕುಳಿತು ಆ ಪುಟ ಹೇಗಿರಬಹುದೆಂದು ಊಹಿಸಿಕೊಳ್ಳುತ್ತಿದ್ದೆ.

ಜನವರಿಯ ಕೊನೆಯ ಗುರುವಾರ ನಮ್ಮ ಓಲೆಕಟ್ಟನ್ನು ಅವಳಿಗೆ ತೋರಿಸಲೆಂದು ಒಯ್ದಿದ್ದೆ. ಊಟದ ಕೋಣೆಯಲ್ಲಿ ಬಿಚ್ಚಿ, ಎಣ್ಣೆ ಹೇಗೆ ಹಚ್ಚುತ್ತೇವೆಂದು ಮಾಡಿ ತೋರಿಸಿದೆ. ಒರೆಸಿದೊಡನೆ ಅಕ್ಷರಗಳು ಎದ್ದು ಬಂದಾಗ ಅವಳು ಮಗುವಿನಂತೆ ಚಪ್ಪಾಳೆ ತಟ್ಟಿದಳು. ಕಟ್ಟನ್ನು ಚೀಲದಲ್ಲಿಟ್ಟು ಬೀರುವಿಗೆ ಹಾಕಿದೆವು. ಎಣ್ಣೆಬಟ್ಟೆಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಮೂವತ್ತನಾಲ್ಕು ವರ್ಷ ಅದು ಇದ್ದದ್ದು ಅಲ್ಲಿಯೇ. ಕೈ ತೊಳೆದುಕೊಂಡೆ, ಬಟ್ಟೆಯ ನೆನಪಾಗಲಿಲ್ಲ.

ಮೇಲೆ ಹೋದ ಮೇಲೆ ಒಂದು ಪುಟದ ಕೆಳಗಿನ ಅಂಚಿನಲ್ಲಿ, ಅಕ್ಷರಗಳಿಂದ ದೂರದಲ್ಲಿ, ಬೇರೆಯೇ ರೀತಿಯ ಒಂದು ಗುರುತು ಕಂಡಿತು. ಚುಕ್ಕೆಯಲ್ಲ, ಗೆರೆಗಳು. ಚುಕ್ಕೆ ಒತ್ತಿದವನ ಹೆಸರಿರಬಹುದೇ ಎನಿಸಿತು. ನಮ್ಮ ಲಿಪಿಕಾರರೂ ಕೊನೆಯ ಗರಿಯ ಮೂಲೆಯಲ್ಲಿ ತಮ್ಮ ಹೆಸರನ್ನು ಹಾಗೆಯೇ ಅಡಗಿಸಿಡುತ್ತಾರೆ. ಶಿವಲೀಲಾ ಎರಡನೆಯ ದೀಪ ಕೇಳಿ ತರುತ್ತೇನೆಂದು ಎದ್ದು ಹೋದಳು. ನಾನೊಬ್ಬಳೇ. ಅವಳು ಬರುವುದರೊಳಗೆ ಓದಿಬಿಡಬೇಕೆನಿಸಿತು. ಇದನ್ನು ಮುಚ್ಚಿಡುವುದಿಲ್ಲ: ಅವಳಿಗಿಂತ ಮೊದಲು ಓದಬೇಕೆನಿಸಿತು.

ಬುದ್ಧಿ ತಡೆಯುವ ಮೊದಲೇ ಕೈ ಸೊಂಟಕ್ಕೆ ಹೋಗಿ ಬಟ್ಟೆಯನ್ನು ತೆಗೆದು ಆ ಗುರುತಿನ ಮೇಲೆ ಒಮ್ಮೆ ಒತ್ತಿ ಒರೆಸಿತು.

ಓಲೆಗೆ ಎಣ್ಣೆ ಆಯುಷ್ಯ. ಕಾಗದಕ್ಕೆ ಅದೇನೆಂದು ಯಾವ ಮಗುವಿಗೂ ಗೊತ್ತು. ಹೆಬ್ಬೆರಳಿನಷ್ಟು ಜಾಗ ನನ್ನ ಕಣ್ಣೆದುರಿಗೇ ಬೋಂಡ ಕಟ್ಟಿದ ಕಾಗದದ ಹಾಗೆ ಪಾರದರ್ಶಕವಾಯಿತು. ಒತ್ತಿ ತೀಡಿದ್ದರಿಂದ ಗೆರೆಗಳ ತಗ್ಗು ಮಟ್ಟವಾಗಿ ಹೋಯಿತು. ಅಲ್ಲಿ ಏನಿತ್ತೆಂದು ಇನ್ನು ಯಾರೂ ಓದಲಾರರು. ಅದು ಹೆಸರೇ ಆಗಿದ್ದರೆ, ಶತಮಾನಗಳನ್ನು ದಾಟಿ ಬಂದ ಒಬ್ಬ ಓದುಗನ ಹೆಸರನ್ನು ಅಳಿಸಿದವಳು, ತನ್ನ ಹೆಸರಿಗಾಗಿ ಜೀವಮಾನವಿಡೀ ಜಗಳವಾಡಿದ ನಾನು.

ಪುಸ್ತಕ ಮುಚ್ಚಿದೆ. ದೀಪ ಹಿಡಿದು ಬಂದ ಶಿವಲೀಲಾಗೆ, "ಇವತ್ತು ಸಾಕಮ್ಮ, ಕಣ್ಣು ನೋಯ್ತಿದೆ" ಎಂದೆ.

ಅವಳು ಮೂಗು ಅರಳಿಸಿದಳು. "ಮಜ್ಜಿಗಿಹುಲ್ಲಿನ ವಾಸನಿ ಘಮ್ಮಂತೈತ್ರಿ ಅಕ್ಕೋರ. ನಮ್ಮವ್ವ ಚಾದಾಗ ಹಾಕತಾಳ. ಈಗ ಚಾ ಕುಡೀಬೇಕನಸಾಕ ಹತ್ತೇತಿ."

"ಕೆಳಗೆ ಹೋಗೋಣ" ಎಂದೆ.

ಮುಂದಿನ ಗುರುವಾರ ನಾವು ಹೋಗುವಷ್ಟರಲ್ಲಿ ಪುಸ್ತಕ ಮೇಜಿನ ಮೇಲಿತ್ತು, ಅದೇ ಪುಟಕ್ಕೆ ತೆರೆದು. ಮುಖ್ಯಸ್ಥರು ನಿಂತಿದ್ದರು. ದನಿ ಎತ್ತರಿಸಲಿಲ್ಲ. ಛಾಯಾಚಿತ್ರ ತೆಗೆಯುವಾಗ ಕಂಡಿತೆಂದರು. ಇದು ಎಣ್ಣೆ ಎಂದರು. ಆಮೇಲೆ ಶಿವಲೀಲಾಳ ಉದ್ದ ಜಡೆಯ ಕಡೆ ನೋಡಿ, "ನಿಮ್ಮ ದೇಶದಲ್ಲಿ ತಲೆಗೆ ಎಣ್ಣೆ ಹಾಕುವ ಪದ್ಧತಿಯಿದೆ ಎಂದು ಕೇಳಿದ್ದೇನೆ. ಕೈಯನ್ನು ಸರಿಯಾಗಿ ತೊಳೆದಿರಲಿಕ್ಕಿಲ್ಲ" ಎಂದರು.

ಆಗ ನಾನು ಬಾಯಿ ತೆರೆದೆ. ಆ ಕ್ಷಣ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಾಗಲೂ ಕೈ ಹಿಂಜರಿಯುತ್ತದೆ. "ಸ್ವಾಮಿ, ನಮ್ಮ ತಲೆಯ ಎಣ್ಣೆಯ ಮಾತು ನಿಮಗೆ ಬೇಡ. ಒಂದು ದೇಶದ ಹೆಣ್ಣುಮಕ್ಕಳನ್ನು ಹೀಗೆ ಅವಮಾನಿಸುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ನಿಮ್ಮವರು ಪುಸ್ತಕ ಕಾಣುವ ಮೊದಲೇ ನಾವು ಗ್ರಂಥ ಕಾಪಾಡಿದವರು" ಎಂದು ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದ ವಾಕ್ಯಗಳಲ್ಲಿ, ಐದು ನಿಮಿಷ ಮಾತನಾಡಿದೆ. ಹೇಳಿದ ಒಂದೊಂದು ಮಾತೂ ನಿಜ. ಹೇಳಬೇಕಾಗಿದ್ದ ಒಂದೇ ಒಂದು ನಿಜವನ್ನು ಮಾತ್ರ ಹೇಳಲಿಲ್ಲ. ಜೀವನವಿಡೀ ನನ್ನ ಸಿಟ್ಟನ್ನು ನಾನು ನನ್ನ ಗೌರವವೆಂದೇ ತಿಳಿದಿದ್ದೆ. ಆ ದಿನ ಅದರ ಮರೆಯಲ್ಲಿ ಬಚ್ಚಿಟ್ಟುಕೊಂಡೆ.

ಮುಖ್ಯಸ್ಥರ ಕೆನ್ನೆ ಕೆಂಪಾಯಿತು. ಮಾತಿಗೆ ಕ್ಷಮೆ ಕೇಳಿದರು. ಕ್ಷಮೆ ಕೇಳಿ, ಹಾಜರಿ ಪುಸ್ತಕ ತರಿಸಿದರು. ಕಳೆದ ವಾರ ಈ ಪುಸ್ತಕ ಪಡೆದವರು ಒಬ್ಬರೇ, ಹೆಸರೂ ಒಂದೇ. ಪಕ್ಕದಲ್ಲಿ "ಮತ್ತು ಒಬ್ಬ ಅತಿಥಿ". ಹತ್ತು ವಾರ ನನ್ನನ್ನು ಚುಚ್ಚಿದ್ದ ಆ ಸಾಲು ಆ ದಿನ ನನಗೆ ಸೂರಾಯಿತು.

ಶಿವಲೀಲಾ ನನ್ನನ್ನು ಒಮ್ಮೆ ನೋಡಿದಳು. ನಾನು ಕಿಟಕಿಯ ಪರದೆಯ ಕಡೆ ನೋಡಿದೆ.

"ನನ್ನ ಕೈಯಿಂದ ಆಗಿರಬಹುದು" ಎಂದಳು ಅವಳು, ಇಂಗ್ಲಿಷಿನಲ್ಲಿ.

ಆ ಪುಸ್ತಕವನ್ನು ಅವಳಿಗೆ ಮತ್ತೆ ಕೊಡಲಿಲ್ಲ. ಅರ್ಧ ಬರೆದ ಚೌಕಗಳಿಂದ ಅಧ್ಯಾಯವಾಗುವುದಿಲ್ಲ. ಇದೆಲ್ಲ ಸ್ಪಷ್ಟವಾಗಿ ಗೊತ್ತಿದ್ದೂ ನಾನು ವೂರ್‌ಬರ್ಗ್‌ನ ಮನೆಯಲ್ಲಿ ಇನ್ನೂ ಎರಡು ವಾರ ಕುಳಿತಿದ್ದೆ. ಅವಳು ಎರಡು ಸಲ ಫೋನ್ ಮಾಡಿ, "ಆರಾಮ ಅದೀರೇನ್ರಿ ಅಕ್ಕೋರ?" ಎಂದು ಕೇಳಿ, ನಾನು ಆರಾಮ ಎಂದ ಮೇಲೆ ಫೋನ್ ಇಟ್ಟಳು. ಸುಮನಾಳೊಡನೆ ಮಾತ್ರ ಮುಖ್ಯಸ್ಥರ ತಲೆಯೆಣ್ಣೆಯ ಮಾತನ್ನು ಪದೇಪದೇ ಹೇಳಿ ಕುದಿಯುತ್ತಿದ್ದೆ. ಫೆಬ್ರವರಿಯ ನಡುವಿನಲ್ಲಿ ವಿಮಾನ ಹತ್ತಿದೆ. ಎಣ್ಣೆಬಟ್ಟೆಯನ್ನು ಮೈಸೂರಿನಲ್ಲಿ ಒಗೆದೆ. ವಾಸನೆ ಹೋಗಲಿಲ್ಲ.

ಎರಡು ವರ್ಷ ಅವಳಿಗೆ ನಾನೊಂದು ಸಾಲು ಬರೆಯಲಿಲ್ಲ. ಈ ಮಾರ್ಚಿನಲ್ಲಿ ಮತ್ತೆ ಬಂದಾಗ ಆ ಪ್ರದರ್ಶನಕ್ಕೆ ಹೋದದ್ದೂ, ಈಗ ಹೇಳಿಬಿಡಬೇಕು, ಅವಳಿಗಾಗಿ ಅಲ್ಲ. ನನ್ನ ಹೆಸರನ್ನು ಹುಡುಕಿಕೊಂಡು. ಮೊದಲ ಸಾಲಿನಲ್ಲಿ ಅದು ಇರಲಿಲ್ಲ. ಎರಡನೆಯ ಸಾಲು ಚಿಕ್ಕ ಅಕ್ಷರಗಳಲ್ಲಿ ಕೆಳಗಿತ್ತು: ಅಂಚಿನ ಕಲೆ ಭಾರತದಿಂದ ಬಂದ ವಿದ್ಯಾರ್ಥಿನಿಯೊಬ್ಬಳ ಅಜಾಗರೂಕತೆಯಿಂದ ಇತ್ತೀಚೆಗೆ ಆದದ್ದು. ಶಾಲೆಯ ಮಕ್ಕಳಿಗೆ ಒಬ್ಬ ಹೆಂಗಸು ಅದನ್ನೇ ತೋರಿಸಿ, ಹಳೆಯ ವಸ್ತುಗಳನ್ನು ಏಕೆ ಮುಟ್ಟಬಾರದೆಂದು ಪಾಠ ಹೇಳುತ್ತಿದ್ದಳು.

ಶಿವಲೀಲಾ ಈಗ ವೆಲ್ಡ್‌ಹೋವನ್‌ನಲ್ಲಿದ್ದಾಳೆಂದು ಸುಮನಾ ವಿಚಾರಿಸಿ ತಿಳಿಸಿದಳು. ಪಿಎಚ್‌ಡಿ ಬಿಟ್ಟು ಯಾವುದೋ ಯಂತ್ರಗಳ ಕೈಪಿಡಿ ಬರೆಯುವ ಕೆಲಸ. ರೈಲು, ಆಮೇಲೆ ಬಸ್ಸು ಹಿಡಿದು ಹೋದೆ. ಸೈಕಲ್ ತಳ್ಳಿಕೊಂಡು ಬಸ್ ನಿಲ್ದಾಣಕ್ಕೆ ಬಂದಳು. ಜಡೆ ಇರಲಿಲ್ಲ, ಕೂದಲನ್ನು ಭುಜದವರೆಗೆ ಕತ್ತರಿಸಿದ್ದಳು. ಅವಳ ಕೋಣೆಯ ಕಪಾಟಿನಲ್ಲಿ ಕೊರಿಯನ್ ಪುಸ್ತಕವೊಂದೂ ಕಾಣಲಿಲ್ಲ.

ನಾನು ಕುಳಿತುಕೊಳ್ಳುವ ಮೊದಲೇ ಹೇಳಿದೆ: "ಆ ಎಣ್ಣೆ ನನ್ನದು, ಶಿವಲೀಲಾ. ನನ್ನ ಕೈ."

"ಗೊತ್ತಿತ್ರಿ."

"ಯಾವಾಗಿಂದ?"

"ಅವತ್ತ ಗೊತ್ತಾತ್ರಿ. ಆ ಸಾಹೇಬ ಪುಸ್ತಕ ತೆರೆದಿಟ್ಟಾಗ ವಾಸನಿ ಬಂತಲ್ರಿ. ನನ್ನ ತಲಿಯಾಗಿರೂದು ಕೊಬ್ಬರಿ ಎಣ್ಣಿ."

"ಮತ್ತೆ ಯಾಕಮ್ಮ ಹೇಳಲಿಲ್ಲ?"

ಅವಳು ಚಹಾದ ಲೋಟಗಳನ್ನು ಮೇಜಿನ ಮೇಲಿಟ್ಟು, ಅವುಗಳನ್ನೇ ನೋಡುತ್ತ ನಿಂತಳು. "ನೀವ ಹೇಳ್ತೀರಿ ಅನ್ಕೊಂಡಿದ್ದೆ ಅಕ್ಕೋರ. ದೊಡ್ಡಾಕಿ, ಗುರು, ನಾ ಹೆಂಗ ಕೈಮಾಡಿ ತೋರ್ಸಲಿ? ಒಂದು ಗುರುವಾರ ಕಾಯ್ದೆ. ಇನ್ನೊಂದು ಗುರುವಾರ ಕಾಯ್ದೆ. ಫೋನೂ ಮಾಡಿದ್ನಲ್ರಿ. ನೀವು ಆರಾಮ ಅದೀನಿ ಅಂದ್ರಿ. ಆಮ್ಯಾಲೆ ವಿಮಾನ ಹತ್ತಿದ್ರಿ ಅಂತ ಗೊತ್ತಾತು. ಬಿಟ್ಟೆ."

ಕ್ಷಮಿಸು ಎಂಬ ಮಾತನ್ನು ಆಡಿದೆ. ಅವಳು ಅದನ್ನು ತೆಗೆದುಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ. ನಾನು ಫಲಕದ ವಿಷಯ ಹೇಳಿ, ಅವರಿಗೆ ಬರೆಯುತ್ತೇನೆ, ಸರಿಪಡಿಸುತ್ತೇನೆ ಎಂದೆ.

"ಬರೀರಿ" ಎಂದಳು. ಆಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ ಸಣ್ಣಗೆ ನಕ್ಕಳು. ಆ ನಗುವಿನಲ್ಲಿ ಆಲ್ಮೆರೆಯ ಹುಡುಗಿ ಇರಲಿಲ್ಲ. "ಅಲ್ಲಿ ಹೆಸರು ಬರಬೇಕಂತ ಭಾಳ ಆಸೆಯಿತ್ತಲ್ರಿ ನಿಮಗ? ಈಗ ಹಾಕಸ್ಕೊಳ್ರಿ."

ಹಿಂದಿರುಗುವ ಬಸ್ಸು ಹತ್ತಿಸುವಾಗ ಮೆಟ್ಟಿಲು ಎತ್ತರವಿದೆಯೆಂದು ನನ್ನ ತೋಳು ಹಿಡಿದಳು. ಆದರೆ ಅಕ್ಕೋರ ಎನ್ನಲಿಲ್ಲ. "ಹುಷಾರ್ರಿ" ಎಂದಷ್ಟೇ ಅಂದಳು.

ಮರುದಿನವೇ ಪತ್ರ ಬರೆದೆ. ಯಾವ ಗುರುವಾರ, ಎಷ್ಟು ಹೊತ್ತಿಗೆ, ಯಾವ ಪುಟ, ಯಾವ ಎಣ್ಣೆ, ಯಾವ ಕೈ, ಎಲ್ಲವನ್ನೂ. ವಿದ್ಯಾರ್ಥಿನಿ ನಿರಪರಾಧಿಯೆಂದೂ, ಅವಳ ಸಂಶೋಧನೆಯನ್ನು ಮುರಿದ ತೀರ್ಮಾನವನ್ನು ನೀವು ಬರಹದಲ್ಲಿ ಹಿಂದೆಗೆದುಕೊಳ್ಳಬೇಕೆಂದೂ ಕೇಳಿದೆ. ಗುರುತು ಕಂಡ ವಿಷಯವನ್ನು ಆ ಪತ್ರದಲ್ಲಿ ಎತ್ತಲಿಲ್ಲ. ಎತ್ತದೆ ಇರುವುದು ಎಷ್ಟು ಕಷ್ಟವಾಯಿತೆಂದು ನನಗೆ ಮಾತ್ರ ಗೊತ್ತು. ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದೆ. ಹನ್ನೊಂದು ದಿನದ ಮೇಲೆ ಉತ್ತರ ಬಂತು. ಬಹಳ ಸಭ್ಯವಾದ ಉತ್ತರ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಯಾರೂ ಆ ದಿನ ಬಂದ ದಾಖಲೆಯಿಲ್ಲವೆಂದೂ, ವಿದ್ಯಾರ್ಥಿನಿಯ ಒಪ್ಪಿಗೆ ದಾಖಲಾಗಿದೆಯೆಂದೂ, ಪ್ರಕರಣ ಮುಗಿದಿದೆಯೆಂದೂ, ನನ್ನ ಆಸಕ್ತಿಗೆ ಧನ್ಯವಾದವೆಂದೂ ಅದರಲ್ಲಿತ್ತು.

ಆ ಹುಡುಗಿಯ ಮುಂದೆ ನಾನು ತಲೆ ತಗ್ಗಿಸಿದ್ದೇನೆ, ಇನ್ನೆಂದೂ ಎತ್ತಲಾರೆ. ಮುಖ್ಯಸ್ಥರೇ, ನಿಮ್ಮ ಮುಂದೆ ಮಾತ್ರ ನಿಂತು ಕೇಳುತ್ತೇನೆ, ಏಕೆಂದರೆ ಅವಳ ಹೆಸರಿಗೆ ಮೆತ್ತಿದ್ದನ್ನು ಅಳಿಸುವ ಲೇಖನಿ ಈಗ ನಿಮ್ಮ ಕೈಯಲ್ಲಿದೆ. ಚುಕ್ಕೆಗಳನ್ನು ಕಂಡವಳ ಹೆಸರು ನಿಮಗೆ ಬೇಡವಾಯಿತು, ಇರಲಿ, ಅದನ್ನು ನಾನು ಬಿಟ್ಟೆ. ಕಲೆ ಮಾಡಿದವಳ ಹೆಸರನ್ನಾದರೂ, ನಾನೇ ಎದುರು ನಿಂತು ಅಕ್ಷರ ಅಕ್ಷರವಾಗಿ ಹೇಳುತ್ತೇನೆ, ಬರೆದುಕೊಳ್ಳುತ್ತೀರಾ?